ಕಟ್ಟಡದ ಸೈಟಿನಲ್ಲಿ ಗೊತ್ತಿದ್ದವರು ಏಕೆ ಹೇಳುವುದಿಲ್ಲ

ಬೆಂಗಳೂರಿನ ಹೊರವಲಯದ ಯಾವುದಾದರೂ ಅಪಾರ್ಟ್‌ಮೆಂಟ್ ಸೈಟಿನಲ್ಲಿ ಐದನೇ ಮಹಡಿಗೆ ಮೋಲ್ಡ್ ಹಾಕುವ ದಿನವನ್ನು ಗಮನಿಸಿ ನೋಡಿ. ರೆಡಿಮಿಕ್ಸ್ ಕಾಂಕ್ರೀಟ್ ಹೊತ್ತ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದಿರುತ್ತದೆ. ಎಲ್ಲಿ, ಎಷ್ಟು ಹೊತ್ತು ನಿಂತಿತ್ತು ಎಂಬುದು ಚಾಲಕನಿಗೆ ಗೊತ್ತು. ಮಾಲು ಗಟ್ಟಿಯಾಗಿದೆ, ಪೈಪು ಕಟ್ಟಿಕೊಳ್ಳುತ್ತಿದೆ ಎಂಬುದು ಪಂಪ್ ನಡೆಸುವವನಿಗೆ ಗೊತ್ತು. ಬಲ ಕುಗ್ಗುತ್ತದೆಂದರೂ ಮಾಲು ಸಡಿಲವಾಗಲೆಂದು ಡ್ರಮ್ಮಿಗೆ ಒಂದಷ್ಟು ಹೊತ್ತು ನೀರು ಬಿಟ್ಟದ್ದು ಕೆಳಗೆ ನಿಂತಿದ್ದ ಆಳಿಗೆ ಗೊತ್ತು. ಈ ಲಾರಿಯ ಮಾಲು ಹಿಂದಿನದಕ್ಕಿಂತ ತೆಳ್ಳಗಿದೆ ಎಂಬುದು ಮೇಲೆ ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಹಿಡಿದವನ ಕೈಗೇ ತಿಳಿಯುತ್ತದೆ. ರೆಡಿಮಿಕ್ಸ್‌ಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 4926ರ ಪ್ರಕಾರ, ಬೇರೆ ಏರ್ಪಾಡು ಇಲ್ಲದಿದ್ದರೆ, ಲಾರಿಗೆ ತುಂಬಿದ 2 ಗಂಟೆಗಳೊಳಗೆ ಕಾಂಕ್ರೀಟನ್ನು ಲಾರಿಯಿಂದ ಇಳಿಸಿ ಮುಗಿಸಬೇಕು. ತುಂಬಿದ ಸಮಯ ಚಾಲಕನ ಕೈಯಲ್ಲಿರುವ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಆದರೆ ಚೀಟಿಗೆ ಸಹಿ ಹಾಕುವ ಕಿರಿಯ ಎಂಜಿನಿಯರ್ ಆ ಹೊತ್ತಿನಲ್ಲಿ ಎಣಿಸುತ್ತಿರುವುದು ಲಾರಿಗಳ ಸಂಖ್ಯೆಯನ್ನು, ನಿಮಿಷಗಳನ್ನಲ್ಲ.

ಇಪ್ಪತ್ತೆಂಟು ದಿನಗಳ ನಂತರ, ಅದೇ ಕಾಂಕ್ರೀಟಿನಿಂದ ಅಂದು ಅಚ್ಚು ಹಾಕಿಟ್ಟ 150 ಮಿಲಿಮೀಟರಿನ ಘನಗಳನ್ನು ಪ್ರಯೋಗಾಲಯದಲ್ಲಿ ಒಡೆದು ನೋಡುತ್ತಾರೆ. ಬಲ ಕಡಿಮೆ ಬಂದರೆ ಗುಣಮಟ್ಟ ವಿಭಾಗದಿಂದ ಕಾಂಕ್ರೀಟ್ ಘಟಕಕ್ಕೆ ಒಂದು ಪತ್ರ ಹೋಗುತ್ತದೆ, ಅಲ್ಲಿಂದ ಒಂದು ಉತ್ತರ ಬರುತ್ತದೆ. ಅಷ್ಟರಲ್ಲಿ ಮೇಲೆ ಇನ್ನೂ ಎರಡು ಮಹಡಿ ಎದ್ದಿರುತ್ತವೆ. ನೀರು ಬಿಟ್ಟವನಿಗಾಗಲಿ, ವೈಬ್ರೇಟರ್ ಹಿಡಿದವನಿಗಾಗಲಿ ಆ ಫಲಿತಾಂಶ ಎಂದಿಗೂ ತಲುಪುವುದಿಲ್ಲ. ಇಡೀ ಪ್ರಸಂಗದಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಎಂಬುದೇ ಇರಲಿಲ್ಲ. ಪ್ರತಿಯೊಂದೂ ಒಬ್ಬರಲ್ಲ ಒಬ್ಬರಿಗೆ ತಿಳಿದಿತ್ತು, ಆದರೆ ಇಬ್ಬರಿಗೆ ಒಟ್ಟಿಗೆ ತಿಳಿದಿರಲಿಲ್ಲ.

ನಿರ್ಮಾಣ ಕ್ಷೇತ್ರದಲ್ಲಿ ತಂಡದವರ ನಡುವೆ ತಿಳಿವಳಿಕೆ ಹಂಚಿಕೆಯಾಗಬೇಕು ಎಂಬ ಮಾತನ್ನು ಈಗ ಎಲ್ಲ ಕಂಪನಿಗಳೂ ಆಡುತ್ತವೆ. ಅದಕ್ಕಾಗಿ ತರಬೇತಿ ಏರ್ಪಡಿಸುತ್ತಾರೆ, ತಂತ್ರಾಂಶ ಕೊಳ್ಳುತ್ತಾರೆ, ವಾಟ್ಸ್‌ಆ್ಯಪ್ ಗುಂಪು ಮಾಡುತ್ತಾರೆ. ಇವೆಲ್ಲ ಉಪಯುಕ್ತವೇ. ಆದರೆ ಹಂಚಿಕೊಳ್ಳುವ ಮನಸ್ಸಿಲ್ಲದೆ ಯಾರೂ ಬಾಯಿ ಮುಚ್ಚಿಕೊಂಡಿಲ್ಲ ಎಂಬ ಸರಳ ಸತ್ಯವನ್ನು ಇವು ಮುಟ್ಟುವುದಿಲ್ಲ. ನಮ್ಮ ಸೈಟುಗಳಲ್ಲಿ ಗೊತ್ತಿದ್ದದ್ದನ್ನು ಹೇಳಿದವನಿಗೆ ನಷ್ಟ, ಹೇಳದವನಿಗೆ ಏನೂ ಆಗುವುದಿಲ್ಲ. ಈ ಲೆಕ್ಕ ಬದಲಾಗದ ಹೊರತು ಬೇರೇನು ಮಾಡಿದರೂ ಮಾತು ಹೊರಡುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾತು ತಲುಪದಿದ್ದರೆ ಎಷ್ಟು ದೊಡ್ಡ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ಓದುವ ಒಂದು ಪ್ರಕರಣವಿದೆ. ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಎತ್ತರದ ಒಳಾಂಗಣದಲ್ಲಿ ಒಂದರ ಕೆಳಗೊಂದು ತೂಗುವ ಎರಡು ನಡೆದಾರಿಗಳಿದ್ದವು. ಚಾವಣಿಯಿಂದ ಇಳಿಬಿಟ್ಟ ಒಂದೇ ಉಕ್ಕಿನ ಸರಳು ನಾಲ್ಕನೇ ಮಹಡಿಯ ನಡೆದಾರಿಯನ್ನು ಹಾದು ಎರಡನೇ ಮಹಡಿಯದಕ್ಕೆ ತಲುಪಬೇಕು ಎಂಬುದು ಮೂಲ ವಿನ್ಯಾಸ. ಅಷ್ಟುದ್ದದ ಸರಳಿಗೆ ನಟ್ಟು ಕೂರುವ ತಿರುಪಿನ ಗೆರೆ ಕೊರೆಯುವುದು ಕಷ್ಟವೆಂದು ಉಕ್ಕಿನ ಕೆಲಸದವರು ಅದನ್ನು ಎರಡು ಸರಳುಗಳಾಗಿ ಬದಲಿಸಿದರು. ಚಾವಣಿಯಿಂದ ಮೇಲಿನ ನಡೆದಾರಿಗೆ ಒಂದು, ಮೇಲಿನ ನಡೆದಾರಿಯಿಂದ ಕೆಳಗಿನದಕ್ಕೆ ಇನ್ನೊಂದು. ನಕ್ಷೆಯಲ್ಲಿ ನೋಡಿದರೆ ಇದು ಚಿಕ್ಕ ಬದಲಾವಣೆ. ಆದರೆ ಒಂದೇ ಹಗ್ಗ ಹಿಡಿದು ಇಬ್ಬರು ನೇತಾಡುವುದಕ್ಕೂ, ಕೆಳಗಿನವನು ಮೇಲಿನವನ ಕಾಲು ಹಿಡಿದು ನೇತಾಡುವುದಕ್ಕೂ ಇರುವಷ್ಟು ವ್ಯತ್ಯಾಸ ಅಲ್ಲಿತ್ತು. ಮೇಲಿನ ನಡೆದಾರಿಯ ತೊಲೆಯ ಕೆಳಗಿದ್ದ ನಟ್ಟಿನ ಮೇಲೆ ಬೀಳುವ ಭಾರ ಇಮ್ಮಡಿಯಾಯಿತು. 1981ರ ಜುಲೈ 17ರ ಸಂಜೆ, ಕೆಳಗೆ ನೃತ್ಯಕೂಟ ನಡೆಯುತ್ತಿದ್ದಾಗ, ಎರಡೂ ನಡೆದಾರಿಗಳು ಕುಸಿದು 114 ಮಂದಿ ಸತ್ತರು.

ತನಿಖೆಯಲ್ಲಿ ಹೊರಬಂದ ಸಂಗತಿಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಲೆಕ್ಕದ ತಪ್ಪಲ್ಲ. ಬದಲಾವಣೆಗೆ ಫೋನಿನಲ್ಲಿ ಒಪ್ಪಿಗೆ ಕೇಳಿದ್ದೆವು ಎಂದು ಉಕ್ಕಿನ ಕಂಪನಿ ಹೇಳಿತು, ಅಂಥ ಕರೆ ಬಂದೇ ಇಲ್ಲ ಎಂದು ವಿನ್ಯಾಸಕರು ಹೇಳಿದರು. ಜೋಡಣೆಯ ಲೆಕ್ಕವನ್ನು ಅವರು ಮಾಡಿರುತ್ತಾರೆ ಎಂದು ಇವರು, ಇವರು ಮಾಡಿರುತ್ತಾರೆ ಎಂದು ಅವರು ಭಾವಿಸಿದ್ದರು. ಹೊಸ ನಕ್ಷೆಗೆ ಎಂಜಿನಿಯರರ ಮುದ್ರೆಯೂ ಬಿದ್ದಿತ್ತು. ನಿರ್ಮಾಣದ ಕಾಲದಲ್ಲಿ ಭಾರದ ತಳ್ಳುಗಾಡಿ ನೂಕುತ್ತಿದ್ದ ಕೆಲಸಗಾರರಿಗೆ ಆ ನಡೆದಾರಿ ಅಲುಗುವುದು ಅನುಭವಕ್ಕೆ ಬಂದಿತ್ತು, ಆಗ ಗಾಡಿಗಳನ್ನು ಬೇರೆ ದಾರಿಯಲ್ಲಿ ಸಾಗಿಸಲಾಯಿತು ಎಂಬ ವರದಿಯೂ ಇದೆ. ಕಾಲಿನಡಿಯ ಆ ಅನುಭವ ನಕ್ಷೆ ಬರೆದವರ ಮೇಜಿಗೆ ತಲುಪುವ ಹಾದಿಯೇ ಇರಲಿಲ್ಲ.

ನಮ್ಮ ಸೈಟುಗಳಲ್ಲಿ ಆ ಹಾದಿ ಏಕಿಲ್ಲ ಎಂಬುದನ್ನು ತಿಳಿಯಲು ಮೊದಲು ಕೂಲಿಯ ಲೆಕ್ಕವನ್ನು ನೋಡಬೇಕು. ಕಂಬಿ ಕಟ್ಟುವವರಿಗೆ ಟನ್ನಿನ ಲೆಕ್ಕದಲ್ಲಿ ಹಣ, ಕಾಂಕ್ರೀಟಿಗೆ ಅಚ್ಚು ಆಸರೆ ಕಟ್ಟುವ ಸೆಂಟ್ರಿಂಗ್‌ನವರಿಗೆ ಮತ್ತು ಗಾರೆಯವರಿಗೆ ಚದರಡಿ ಲೆಕ್ಕದಲ್ಲಿ. ಬೀಮ್ ಮತ್ತು ಕಾಲಮ್ ಸೇರುವಲ್ಲಿ ಕಂಬಿ ಎಷ್ಟು ಒತ್ತೊತ್ತಾಗಿದೆಯೆಂದರೆ ಜಲ್ಲಿ ಕೆಳಗಿಳಿಯಲಾರದು ಎಂಬುದು ಕಂಬಿ ಕಟ್ಟುವ ಮೇಸ್ತ್ರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅವನು ಅದನ್ನು ಹೇಳಿದನೆಂದುಕೊಳ್ಳಿ. ಸೈಟ್ ಎಂಜಿನಿಯರ್ ವಿನ್ಯಾಸಕರಿಗೆ ಬರೆಯುತ್ತಾರೆ, ಉತ್ತರ ಬರಲು ಮೂರು ದಿನ ಹಿಡಿಯುತ್ತದೆ. ಆ ಮೂರು ದಿನ ಅವನ ಗ್ಯಾಂಗಿನ ಹತ್ತು ಜನರಿಗೆ ಕೆಲಸವಿಲ್ಲ, ಊಟದ ಖರ್ಚು ಮಾತ್ರ ಇದೆ. ಹೇಳದೆ ಕಟ್ಟಿ ಮುಗಿಸಿದರೆ ಶನಿವಾರ ಬಟವಾಡೆ. ಒಂದು ಪ್ರಶ್ನೆ ಕೇಳುವುದಕ್ಕೆ ಮೂರು ದಿನದ ಕೂಲಿ ದಂಡವಾಗುವ ಕಡೆ ಆ ಮೇಸ್ತ್ರಿ ಮೌನವಾಗಿದ್ದರೆ ಅದನ್ನು ಅವನ ಅಸಡ್ಡೆ ಎನ್ನುವುದು ಅನ್ಯಾಯ.

ಎಂಜಿನಿಯರರ ಕಷ್ಟ ಬೇರೆ ಬಗೆಯದು. ಕಾಲೇಜು ಮುಗಿಸಿ ಎರಡು ವರ್ಷವಾದ ಹುಡುಗನೋ ಹುಡುಗಿಯೋ ಇಪ್ಪತ್ತು ವರ್ಷ ಕೆಲಸ ಮಾಡಿದ ಮೇಸ್ತ್ರಿಯ ಮುಂದೆ ನಿಂತು, ‘ಇದನ್ನು ಹೀಗೇಕೆ ಮಾಡುತ್ತೀರಿ’ ಎಂದು ಕೇಳಿದರೆ ತನಗೇ ಗೊತ್ತಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ ಎಂಬ ಭಯ. ಮೇಸ್ತ್ರಿ, ‘ಸರ್, ಇಲ್ಲಿ ಬಾತ್‌ರೂಮಿನ ಪೈಪ್ ಬರೋದು ಡ್ರಾಯಿಂಗ್‌ನಲ್ಲಿ ಕಾಣ್ತಿಲ್ಲವಲ್ಲ’ ಎಂದು ಕೇಳಿದಾಗ, ‘ಡ್ರಾಯಿಂಗ್‌ನಲ್ಲಿ ಏನಿದೆಯೋ ಅಷ್ಟು ಮಾಡಪ್ಪ’ ಎಂಬ ಉತ್ತರ ಒಮ್ಮೆ ಬಂದರೆ ಸಾಕು, ಆ ಮನುಷ್ಯ ಆ ಸೈಟಿನಲ್ಲಿ ಮತ್ತೆ ಏನನ್ನೂ ಕೇಳುವುದಿಲ್ಲ. ಮೋಲ್ಡ್ ಹಾಕಿದ ಎರಡು ತಿಂಗಳ ಮೇಲೆ ಪ್ಲಂಬರ್ ಬರುತ್ತಾನೆ. ಪೈಪ್ ಹಾಯಲು ಮೊದಲೇ ಸ್ಲೀವ್ (ತೂತು) ಬಿಟ್ಟಿಲ್ಲದ ಬೀಮನ್ನು ಕೋರ್ ಕಟಿಂಗ್ ಯಂತ್ರದಿಂದ ಕೊರೆಯುತ್ತಾರೆ. ಕೊರೆದು ತೆಗೆದ ಕಾಂಕ್ರೀಟಿನ ಉರುಳೆಯ ನಡುವೆ ಹೊಳೆಯುವ ಕಂಬಿಯ ತುಂಡನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರಿಗೆ ಅದು ಮರೆಯುವಂಥದ್ದಲ್ಲ. ಟನ್ನಿನ ಲೆಕ್ಕದಲ್ಲಿ ಹಣ ಕೊಟ್ಟು ಕಟ್ಟಿಸಿದ ಕಂಬಿಯನ್ನು ದುಡ್ಡು ಕೊಟ್ಟೇ ಕತ್ತರಿಸಿರುತ್ತಾರೆ.

ಬರವಣಿಗೆಗೆ ನಮ್ಮಲ್ಲಿ ಕೊರತೆಯಿಲ್ಲ ಎಂಬುದನ್ನೂ ಹೇಳಬೇಕು. ಸರ್ಕಾರಿ ಕಾಮಗಾರಿಗಳಲ್ಲಿ ಸೈಟ್ ಆರ್ಡರ್ ಪುಸ್ತಕವಿದೆ, ಅಡಚಣೆಗಳನ್ನು ದಾಖಲಿಸುವ ಹಿಂಡ್ರನ್ಸ್ ರಿಜಿಸ್ಟರ್ ಇದೆ, ಅಳತೆ ಪುಸ್ತಕವಿದೆ. ಆದರೆ ಇವುಗಳನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇವೆಲ್ಲವೂ ಮುಂದೆ ಬರಬಹುದಾದ ಜಗಳಕ್ಕೆ ಸಾಕ್ಷಿಯಾಗಿ ಬರೆದವು. ಯಾರಿಂದ ತಡವಾಯಿತು, ಯಾರು ಸೂಚನೆ ಕೊಟ್ಟರು, ಯಾರಿಗೆ ಎಷ್ಟು ಸಲ್ಲಬೇಕು ಎಂಬುದು ಅಲ್ಲಿದೆ. ಇಂಥ ಮಣ್ಣಿನಲ್ಲಿ ಪಾಯ ತೋಡುವಾಗ ಏನು ಎದುರಾಯಿತು, ಅದನ್ನು ಹೇಗೆ ನಿಭಾಯಿಸಿದೆವು, ಮುಂದಿನವರು ಏನನ್ನು ನೋಡಿಕೊಳ್ಳಬೇಕು ಎಂಬುದು ಅಲ್ಲಿಲ್ಲ. ಅಂಥದನ್ನು ಬರೆದರೆ ಅದು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ದಾಖಲೆಯಾಗಿ ನಾಳೆ ಮಧ್ಯಸ್ಥಗಾರರ ಮುಂದೆ ಬರುತ್ತದೆ ಎಂದು ಗುತ್ತಿಗೆದಾರರ ವಕೀಲರೇ ಎಚ್ಚರಿಸುತ್ತಾರೆ. ಅತಿ ಕಡಿಮೆ ದರ ಕೂಗಿದವರಿಗೆ ಕೆಲಸ ಕೊಡುವ ಟೆಂಡರ್ ಪದ್ಧತಿಯಲ್ಲಿ, ಲಾಭದ ಅಂಚು ತೆಳುವಾಗಿರುವಾಗ, ತಪ್ಪು ಒಪ್ಪಿಕೊಳ್ಳಲು ಯಾರಿಗೂ ಶಕ್ತಿಯಿರುವುದಿಲ್ಲ.

ಭಾಷೆಯ ತೊಡಕು ಇದರ ಮೇಲೆ ಬಂದು ಕೂರುತ್ತದೆ. ನಕ್ಷೆ ಇಂಗ್ಲಿಷಿನಲ್ಲಿ, ಎಂಜಿನಿಯರರ ಮಾತು ಅರೆ ಇಂಗ್ಲಿಷ್ ಅರೆ ಕನ್ನಡದಲ್ಲಿ, ಮೇಸ್ತ್ರಿಯದು ಕನ್ನಡವೋ ತೆಲುಗೋ, ಗ್ಯಾಂಗಿನ ಮಾತು ಹಿಂದಿ, ಬಂಗಾಳಿ ಅಥವಾ ಒಡಿಯಾ. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕುಟುಂಬಗಳು ಪಾಯದ ಕೆಲಸದಲ್ಲಿದ್ದರೆ ಅವರ ಕನ್ನಡವೂ ಬೆಂಗಳೂರಿನ ಎಂಜಿನಿಯರಿಗೆ ಒಮ್ಮೊಮ್ಮೆ ಪೂರ್ತಿ ಹಿಡಿಯುವುದಿಲ್ಲ. ಬೆಳಿಗ್ಗೆ ಹತ್ತು ನಿಮಿಷದ ಸುರಕ್ಷತಾ ಮಾತುಕತೆ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದನ್ನು ಗಮನಿಸಿದರೆ, ಆ ಮಾತುಕತೆಯ ಹಾಜರಿ ಪುಸ್ತಕದಲ್ಲಿರುವ ಸಹಿ ಹೆಬ್ಬೆಟ್ಟುಗಳಿಗೆ ಎಷ್ಟು ಅರ್ಥವಿದೆ ಎಂಬುದು ತಿಳಿಯುತ್ತದೆ. ನಕ್ಷೆ ಪರಿಷ್ಕೃತವಾದಾಗ ಹಳೆಯದನ್ನು ವಾಪಸು ಪಡೆಯದಿರುವುದು ಇನ್ನೊಂದು ಸಾಮಾನ್ಯ ಲೋಪ. ಕಚೇರಿಯ ಕಂಪ್ಯೂಟರಿನಲ್ಲಿ ಮೂರನೇ ಪರಿಷ್ಕರಣೆ ಇರುತ್ತದೆ, ಮೇಸ್ತ್ರಿಯ ಜೇಬಿನಲ್ಲಿ ಬೆವರಿಗೆ ಮಸುಕಾದ ಮೊದಲನೆಯದು.

ತಿಳಿವಳಿಕೆ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯಬೇಕಾದದ್ದು ಎಂಬ ಎಣಿಕೆಯೂ ತಪ್ಪು. ಸ್ಲ್ಯಾಬಿನ ಕೆಳಗಿನ ಆಸರೆಗಳನ್ನು ಯಾವಾಗ ಬಿಚ್ಚಬೇಕು ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ 4.5 ಮೀಟರ್‌ವರೆಗಿನ ಹರವಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಹೆಚ್ಚಿನದಕ್ಕೆ 14 ದಿನ. 6 ಮೀಟರ್ ದಾಟಿದ ಬೀಮಿಗೆ 21 ದಿನ. ಇದು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹೇಳಿದ ಲೆಕ್ಕ. ಹಾರುಬೂದಿ ಅಥವಾ ಉಕ್ಕಿನ ಕುಲುಮೆಯ ಗಸಿ (ಸ್ಲ್ಯಾಗ್) ಬೆರೆತ ಸಿಮೆಂಟಾದರೆ ಮೊದಲ ದಿನಗಳಲ್ಲಿ ಬಲ ನಿಧಾನವಾಗಿ ಬರುತ್ತದೆ, ಅದಕ್ಕೆ ತಕ್ಕಂತೆ ದಿನಗಳನ್ನು ಬದಲಿಸಿಕೊಳ್ಳಬೇಕು. ಸೆಂಟ್ರಿಂಗ್ ಮೇಸ್ತ್ರಿಗೆ ದಿನಗಳ ರೂಢಿ ಗೊತ್ತು, ಚೀಲದೊಳಗಿನ ಸಿಮೆಂಟ್ ಬದಲಾದದ್ದು ಗೊತ್ತಿಲ್ಲ. ಎಂಜಿನಿಯರಿಗೆ ಸಿಮೆಂಟ್ ಗೊತ್ತು, ಆದರೆ ಮುಂದಿನ ಮಹಡಿಗೆ ಆಸರೆ ಕೊಡುವ ಜಾಕ್‌ಗಳು ಸಾಲದೆ ಮೇಸ್ತ್ರಿ ನಾಳೆಯೇ ಕೆಳಗಿನವನ್ನು ಬಿಚ್ಚಬೇಕೆಂದಿದ್ದಾನೆ ಎಂಬುದು ಗೊತ್ತಿಲ್ಲ. ಇಬ್ಬರಲ್ಲಿ ಒಬ್ಬರೂ ಅಜ್ಞಾನಿಗಳಲ್ಲ. ಇಬ್ಬರೂ ಹತ್ತು ನಿಮಿಷ ಒಟ್ಟಿಗೆ ನಿಂತು ಮಾತನಾಡುವುದಕ್ಕೆ ಕಾರಣವೊಂದನ್ನು ನಾವು ಒದಗಿಸಿಲ್ಲ, ಅಷ್ಟೇ.

ಲೆಕ್ಕವನ್ನು ಬದಲಿಸಿ ನೋಡಿದವರು ಇದ್ದಾರೆ. 1994ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಕೆಳಗೆ ರೈಲು ಸುರಂಗಗಳು ಕುಸಿದವು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ನೆಲ ಅಲುಗುತ್ತಿರುವುದನ್ನು ತೋರಿಸುವ ಅಳತೆಗಳು ಮೊದಲೇ ದಾಖಲಾಗಿದ್ದವು, ಅವುಗಳ ಅರ್ಥವನ್ನು ಗ್ರಹಿಸಿ ಕೆಲಸ ನಿಲ್ಲಿಸುವ ಹೊಣೆ ಮಾತ್ರ ಯಾರ ಮೇಲೂ ಸ್ಪಷ್ಟವಾಗಿ ಬಿದ್ದಿರಲಿಲ್ಲ. ಅದರ ನಂತರ ನಿಲ್ದಾಣದ ಒಡೆತನದ ಬಿಎಎ ಸಂಸ್ಥೆ ಗುತ್ತಿಗೆದಾರರೊಂದಿಗೆ ಒಂದೇ ತಂಡವಾಗಿ ಸುರಂಗವನ್ನು ಮತ್ತೆ ಕಟ್ಟಿ ಮುಗಿಸಿತು. ಆ ಅನುಭವದ ಮೇಲೆ ಐದನೇ ಟರ್ಮಿನಲ್‌ಗಾಗಿ ಹೊಸ ಬಗೆಯ ಒಪ್ಪಂದ ಬರೆಯಿತು. ಅಪಾಯದ ಹೊಣೆ ಪೂರ್ತಿ ಮಾಲೀಕರದು, ಕಂಪನಿಗಳಿಗೆ ಆದ ಖರ್ಚು ಮತ್ತು ನಿಗದಿಯಾದ ಲಾಭ ಸಿಗುತ್ತದೆ, ಉಳಿತಾಯವಾದರೆ ಅದರಲ್ಲೂ ಪಾಲು ಇರುತ್ತದೆ. ತಪ್ಪನ್ನು ಮುಚ್ಚಿಡುವುದರಿಂದ ಸಿಗುವ ಲಾಭವನ್ನೇ ಒಪ್ಪಂದ ತೆಗೆದುಹಾಕಿತು.

ಅದರ ಪರಿಣಾಮ ಚಾವಣಿಯ ಕೆಲಸದಲ್ಲಿ ಕಾಣಿಸಿತು. ಸುಮಾರು 156 ಮೀಟರ್ ಹರವಿನ ಆ ಚಾವಣಿಯ ಮುಖ್ಯ ಭಾಗವನ್ನು ನಿಲ್ದಾಣಕ್ಕೆ ತರುವ ಮುನ್ನ ಉತ್ತರ ಯಾರ್ಕ್‌ಶೈರ್‌ನಲ್ಲಿ ಒಮ್ಮೆ ಪೂರ್ತಿ ಜೋಡಿಸಿ ನೋಡಿದರು. ವಿನ್ಯಾಸಕರು, ಉಕ್ಕಿನವರು, ಎತ್ತಿ ನಿಲ್ಲಿಸುವವರು ಎಲ್ಲರೂ ಅಲ್ಲಿದ್ದರು. ನೂರಕ್ಕೂ ಹೆಚ್ಚು ತೊಡಕುಗಳು ಅಲ್ಲಿಯೇ ಗೊತ್ತಾದವು, ಅಲ್ಲಿಯೇ ಬಗೆಹರಿದವು. ಆದರೂ ಈ ಕಥೆಯನ್ನು ಅರ್ಧಕ್ಕೆ ನಿಲ್ಲಿಸುವುದು ಸರಿಯಲ್ಲ. ಕಟ್ಟಡ ಸಮಯಕ್ಕೆ ಸಿದ್ಧವಾಯಿತು, ಆದರೆ 2008ರ ಮಾರ್ಚ್ 27ರಂದು ಟರ್ಮಿನಲ್ ತೆರೆದ ದಿನವೇ ಲಗೇಜಿನ ವ್ಯವಸ್ಥೆ ಕುಸಿದು ಮುಂದಿನ ದಿನಗಳಲ್ಲಿ ನೂರಾರು ವಿಮಾನಗಳು ರದ್ದಾದವು. ಕಟ್ಟಿದವರ ನಡುವೆ ಹರಿದ ತಿಳಿವಳಿಕೆ ನಡೆಸಬೇಕಾದವರವರೆಗೆ ಹರಿದಿರಲಿಲ್ಲ. ಅಲ್ಲಿನ ನೌಕರರಿಗೆ ಹೊಸ ಕಟ್ಟಡದ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ.

ಅಷ್ಟು ದೊಡ್ಡ ಒಪ್ಪಂದ ಬರೆಯಲಾಗದ ಕಡೆಯೂ ನಡೆಯುವ ಕ್ರಮಗಳಿವೆ. ಅಮೆರಿಕದ ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೋವೆಲ್ 1990ರ ದಶಕದಲ್ಲಿ ಸೈಟುಗಳನ್ನು ಅಳೆದು ನೋಡಿದಾಗ, ಒಂದು ವಾರಕ್ಕೆಂದು ಯೋಜಿಸಿದ ಕೆಲಸಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಆ ವಾರ ಮುಗಿಯುತ್ತಿದ್ದವು. ಅವರು ರೂಪಿಸಿದ ಲಾಸ್ಟ್ ಪ್ಲಾನರ್ ಪದ್ಧತಿಯಲ್ಲಿ ವಾರದ ಕೆಲಸವನ್ನು ಮೇಲಿನವರು ಹೇರುವುದಿಲ್ಲ, ಕೆಲಸ ಮಾಡಿಸುವ ಮೇಸ್ತ್ರಿಗಳೇ ಒಟ್ಟಿಗೆ ಕುಳಿತು ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಹೇಳುತ್ತಾರೆ. ಆಗದೆ ಉಳಿದದ್ದಕ್ಕೆ ಕಾರಣವನ್ನು ಬರೆದಿಡುತ್ತಾರೆ, ದಂಡ ಹಾಕುವುದಿಲ್ಲ. ಇದರ ಜೀವಾಳ ‘ಆಗುವುದಿಲ್ಲ’ ಎಂದು ಹೇಳುವ ಹಕ್ಕು. ನಮ್ಮ ಸೈಟಿನ ಸೋಮವಾರದ ಮೀಟಿಂಗಿನಲ್ಲಿ ‘ಆಗುತ್ತೆ ಸರ್’ ಎಂಬ ಎರಡು ಪದಗಳಿಗೆ ಎಷ್ಟು ಕಡಿಮೆ ಬೆಲೆ ಇದೆಯೆಂಬುದು ಎಲ್ಲರಿಗೂ ಗೊತ್ತು.

ಬ್ರಿಟನ್ನಿನಲ್ಲಿ 2005ರಿಂದ ಕ್ರಾಸ್ ಎಂಬ ವ್ಯವಸ್ಥೆ ನಡೆಯುತ್ತಿದೆ. ಕಟ್ಟಡಗಳ ಸುರಕ್ಷತೆಯ ಬಗ್ಗೆ ಕಂಡ ಲೋಪವನ್ನೋ, ಕೂದಲೆಳೆಯಲ್ಲಿ ತಪ್ಪಿದ ಅಪಾಯವನ್ನೋ ಯಾರು ಬೇಕಾದರೂ ಬರೆದು ತಿಳಿಸಬಹುದು. ಹೆಸರು, ಊರು ತೆಗೆದು, ತಜ್ಞರ ಟಿಪ್ಪಣಿಯೊಂದಿಗೆ ಅದನ್ನು ಎಲ್ಲರಿಗೂ ಪ್ರಕಟಿಸುತ್ತಾರೆ. ವಿಮಾನಯಾನದಲ್ಲಿ ಅಮೆರಿಕ ಇಂಥದನ್ನು 1976ರಲ್ಲೇ ಆರಂಭಿಸಿತ್ತು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಂಬಿಯ ಗೂಡು ರಸ್ತೆಗೆ ಉರುಳಿ ತಾಯಿ ಮತ್ತು ಪುಟ್ಟ ಮಗು ಪ್ರಾಣ ಕಳೆದುಕೊಂಡದ್ದನ್ನು ಈ ಊರು ಮರೆತಿಲ್ಲ. ದುರಂತವಾದ ಮೇಲೆ ತಜ್ಞರ ತನಿಖೆ ನಡೆಯುತ್ತದೆ. ಬೀಳದೆ ಉಳಿದ ಗೂಡುಗಳ ಬಗ್ಗೆ, ಸಮಯಕ್ಕೆ ಸರಿಯಾಗಿ ಯಾರೋ ಎಳೆದು ಕಟ್ಟಿದ ಹಗ್ಗದ ಬಗ್ಗೆ ಕೇಳುವವರು ಯಾರು? ಆ ಹಗ್ಗ ಕಟ್ಟಿದವನಿಗೆ ಗೊತ್ತಿರುವುದನ್ನು ರಾಜ್ಯದ ಎಲ್ಲ ಸೈಟುಗಳಿಗೂ ಮುಟ್ಟಿಸುವ ಒಂದು ಗೋಪ್ಯ ವ್ಯವಸ್ಥೆಯನ್ನು ನಮ್ಮ ಎಂಜಿನಿಯರಿಂಗ್ ಸಂಸ್ಥೆಗಳು ಸೇರಿ ಕಟ್ಟಬಹುದು. ಅದನ್ನು ಕನ್ನಡದಲ್ಲೂ ಹಿಂದಿಯಲ್ಲೂ, ಬರೆಯಲು ಬಾರದವರು ದನಿ ಮುದ್ರಿಸಿ ಕಳಿಸುವಂತೆಯೂ ರೂಪಿಸಬೇಕು.

ಸೈಟಿನ ಮಟ್ಟದಲ್ಲಿ ನಾಳೆಯೇ ಆರಂಭಿಸಬಹುದಾದ ಕೆಲಸಗಳಿವೆ, ಅವಕ್ಕೆ ದೊಡ್ಡ ಖರ್ಚೂ ಇಲ್ಲ. ಮೋಲ್ಡ್ ಹಾಕುವ ಹಿಂದಿನ ದಿನ ಕಂಬಿಯವರು, ಸೆಂಟ್ರಿಂಗ್‌ನವರು, ಪ್ಲಂಬರ್, ಎಲೆಕ್ಟ್ರಿಷಿಯನ್, ಎಂಜಿನಿಯರ್ ಎಲ್ಲರೂ ಒಟ್ಟಿಗೆ ಸ್ಲ್ಯಾಬಿನ ಮೇಲೆ ನಡೆದು ಬರಬೇಕು, ಪೈಪ್ ಹಾಯುವ ಜಾಗಗಳನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಬೇಕು. ಆ ಒಂದು ಗಂಟೆಗೆ ಎಲ್ಲರಿಗೂ ಹಾಜರಿ ಕೊಡಬೇಕು, ಚದರಡಿ ಲೆಕ್ಕದವರಿಗೂ ಸಹ. ಪ್ರಶ್ನೆ ಕೇಳಿದ ಕಾರಣಕ್ಕೆ ಕೆಲಸ ನಿಂತರೆ ಆ ಗ್ಯಾಂಗಿಗೆ ದಿನಗೂಲಿ ಸಿಗಬೇಕು ಎಂಬ ಸಾಲನ್ನು ಉಪಗುತ್ತಿಗೆಯ ಕರಾರಿನಲ್ಲೇ ಬರೆಯಬೇಕು. ಉಪಗುತ್ತಿಗೆದಾರರು ಇದನ್ನು ತಾವಾಗಿ ಮಾಡಲಾರರು, ಅವರ ಲಾಭದಲ್ಲಿ ಅದಕ್ಕೆ ಎಡೆಯಿಲ್ಲ. ಆದ್ದರಿಂದ ಕೆಲಸ ಮಾಡಿಸುವ ಮಾಲೀಕರು, ಸರ್ಕಾರಿ ಕೆಲಸವಾದರೆ ಇಲಾಖೆ, ಇದಕ್ಕೆ ಟೆಂಡರಿನ ದರಪಟ್ಟಿಯಲ್ಲಿ ಬೇರೆಯೇ ಒಂದು ಬಾಬ್ತು ಇಡಬೇಕು. ಬಾಬ್ತಿನಲ್ಲಿ ಇಲ್ಲದ ಕೆಲಸ ಸೈಟಿನಲ್ಲಿ ಆಗುವುದಿಲ್ಲ ಎಂಬುದು ಈ ಕ್ಷೇತ್ರದಲ್ಲಿ ಇರುವ ಯಾರಿಗೂ ಹೊಸ ಮಾತಲ್ಲ.

ಹಾಗೆಯೇ ಘನ ಪರೀಕ್ಷೆಯ ಫಲಿತಾಂಶ ಕೆಲಸ ಮಾಡಿದವರಿಗೆ ಮರಳಿ ಬರಬೇಕು. ಕಾರ್ಮಿಕರು ಚಹಾ ಕುಡಿಯುವ ಶೆಡ್ಡಿನ ಗೋಡೆಯ ಮೇಲೆ ಮಹಡಿ, ತಾರೀಕು, ಲಾರಿ ಕಾದ ಹೊತ್ತು, 7ನೇ ದಿನದ ಬಲ, 28ನೇ ದಿನದ ಬಲ ಇಷ್ಟನ್ನು ಅವರ ಭಾಷೆಯಲ್ಲಿ ಬರೆದ ಒಂದು ಹಲಗೆ ಸಾಕು. ಬೈಯುವುದಕ್ಕಲ್ಲ, ತಮ್ಮ ಕೈಕೆಲಸ ಏನಾಯಿತು ಎಂದು ಅವರಿಗೆ ತಿಳಿಯಲಿ ಎಂದು. ನೀರು ಬಿಟ್ಟ ಲಾರಿಗೂ ಬಿಡದ ಲಾರಿಗೂ ಇರುವ ಅಂತರವನ್ನು ಅಂಕಿಯಲ್ಲಿ ಒಮ್ಮೆ ಕಂಡವನು ಮುಂದಿನ ಸೈಟಿಗೆ ಹೋದಾಗಲೂ ಆ ತಿಳಿವಳಿಕೆ ಅವನ ಜೊತೆಗೇ ಹೋಗುತ್ತದೆ. ಎಂಜಿನಿಯರರಿಗೆ ಕೊಡುವ ಯಾವ ತರಬೇತಿಗಿಂತಲೂ ಅದು ದೂರ ತಲುಪುತ್ತದೆ ಎಂದು ನಾನು ನಂಬುತ್ತೇನೆ.

ಕೀಲಿ ಕೈ ಕೊಟ್ಟ ಮೇಲೆ ಕಟ್ಟಡದಲ್ಲಿ ವಾಸಿಸುವವರೂ ಈ ತಂಡಕ್ಕೆ ಸೇರಿದವರೇ. ಇಂದು ಅನೇಕ ಕಟ್ಟಡಗಳ ಸ್ಲ್ಯಾಬುಗಳಲ್ಲಿ ಬಿಗಿದೆಳೆದ ಉಕ್ಕಿನ ಎಳೆಗಳಿರುತ್ತವೆ. ಫ್ಯಾನಿಗೋ ಫಾಲ್ಸ್ ಸೀಲಿಂಗಿಗೋ ಡ್ರಿಲ್ ಹಾಕುವಾಗ ಅವು ಕತ್ತರಿಸಿದರೆ ರಿಪೇರಿ ಸುಲಭವಲ್ಲ. ಎಳೆ ಎಲ್ಲಿ ಹಾದಿದೆ ಎಂಬುದು ಕಾಂಕ್ರೀಟ್ ಬೀಳುವ ಹಿಂದಿನ ಸಂಜೆಯವರೆಗೆ ಎಲ್ಲರ ಕಣ್ಣಿಗೂ ಕಾಣುತ್ತಿರುತ್ತದೆ, ಆಮೇಲೆ ಯಾರಿಗೂ ಕಾಣುವುದಿಲ್ಲ. ಆ ಸಂಜೆ ಅಳತೆಪಟ್ಟಿ ಹಿಡಿದು, ಕೋಣೆಗೊಂದರಂತೆ ತೆಗೆದ ಫೋಟೊಗಳು ಮತ್ತು ಕಟ್ಟಿದಂತೆಯೇ ತಿದ್ದಿದ ನಕ್ಷೆ ನಿವಾಸಿಗಳ ಸಂಘದ ಕೈಗೆ ಸೇರುವವರೆಗೆ ಗುತ್ತಿಗೆದಾರರ ಕೊನೆಯ ಬಿಲ್ಲನ್ನು ಪಾಸು ಮಾಡಬಾರದು.